ಮಾತಿಲ್ಲದ ಅಚ್ಚುರೊಟ್ಟಿ

ನನ್ನ ಅವ್ವನಿಗೆ ಕಿವಿ ಕೇಳಿಸುತ್ತಿರಲಿಲ್ಲ, ಬಾಯಿ ಬರುತ್ತಿರಲಿಲ್ಲ. ಎಂಟನೇ ವಯಸ್ಸಿನಲ್ಲಿ ಜ್ವರ ಬಂದು ಮೊದಲು ಕಿವಿ ಹೋಯಿತು. ಆಮೇಲೆ ಅವಳು ಆಡಿದ ಮಾತು ಸೊಟ್ಟಗೆ ಬರುತ್ತಿತ್ತಂತೆ. ಓರಗೆಯ ಮಕ್ಕಳು ನಕ್ಕರು. ಮಾತನ್ನು ಅವಳೇ ಬಿಟ್ಟಳು. ಹೆಸರು ಚನ್ನಾಜಮ್ಮ. ಕರೆದರೆ ಕೇಳಿಸುವುದಿಲ್ಲವಾದ್ದರಿಂದ ಆ ಹೆಸರನ್ನು ಯಾರೂ ಬಳಸುತ್ತಿರಲಿಲ್ಲ. ಎದುರಿಗಿದ್ದಾಗ ಕೈಬೀಸಿ ಕರೆಯುತ್ತಿದ್ದರು. ಹಿಂದಿನಿಂದ ಮೂಕಿ ಎನ್ನುತ್ತಿದ್ದರು.

ನಮ್ಮ ಊರಿನ ಬೆಳಗಿನ ತಿಂಡಿ ಅಚ್ಚುರೊಟ್ಟಿ. ಉದ್ದ ಹಿಡಿಗಳಿರುವ, ಇಕ್ಕಳದ ಹಾಗೆ ಕೂಡಿಸಿದ ಎರಡು ಕಬ್ಬಿಣದ ಹಲಗೆಗಳೇ ಅಚ್ಚು. ಒಳಮೈಯಲ್ಲಿ ಚೌಕಚೌಕವಾಗಿ ಕೊರೆದಿರುತ್ತದೆ. ಅಕ್ಕಿಯ ಜೊತೆ ಬಾಳೆಹಣ್ಣು ಹಾಕಿ ರುಬ್ಬಿದ ಹಿಟ್ಟನ್ನು ಅದರಲ್ಲಿ ಹೊಯ್ದು, ಮುಚ್ಚಿ, ಕೆಂಡದ ಮೇಲೆ ಎರಡೂ ಕಡೆ ಕಾಯಿಸುತ್ತಾರೆ. ದೊಡ್ಡ ಊರುಗಳಲ್ಲಿ ಇದನ್ನೇ ವಾಫಲ್ ಎಂದು ಕರೆದು ಮೇಲೆ ಚಾಕಲೇಟ್ ಸುರಿದು ಮಾರುವುದನ್ನು ನಾನು ಆಮೇಲೆ ನೋಡಿದೆ. ಅಲ್ಲಿ ಬೇಯಿಸುವ ಹುಡುಗರು ಅಚ್ಚು ಮುಚ್ಚಿಟ್ಟು ಫೋನಿನಲ್ಲಿ ಹರಟುತ್ತಾರೆ. ಏನೂ ಆಗುವುದಿಲ್ಲ. ನಮ್ಮ ಊರಿನಲ್ಲಿ ಆಗುತ್ತದೆ. ಅಚ್ಚು ಮುಚ್ಚಿದಾಗಿನಿಂದ ತೆರೆಯುವವರೆಗೆ ಅದರ ಮಗ್ಗುಲಲ್ಲಿ ಆಡಿದ ಮಾತು ರೊಟ್ಟಿಯಲ್ಲಿ ಕೂತುಬಿಡುತ್ತದೆ. ತಿಂದವರಿಗೆ ಕೇಳಿಸುತ್ತದೆ, ಆಡಿದವರ ದನಿಯಲ್ಲೇ, ಒಂದೇ ಸಲ. ಇಬ್ಬರು ಹಂಚಿಕೊಂಡು ತಿಂದರೆ ಅರ್ಧ ಅವರಿಗೆ, ಅರ್ಧ ಇವರಿಗೆ. ಮಾತು ಕೂತ ರೊಟ್ಟಿಯ ನಂತರದ ಮೂರು ರೊಟ್ಟಿಗಳೂ ಮಣಮಣ ಎನ್ನುತ್ತವೆ. ನಾಲ್ಕನೆಯದಕ್ಕೆ ಅಚ್ಚು ಶುದ್ಧವಾಗುತ್ತದೆ.

ಊರಿನ ತಿಂಡಿಯ ಚರಿತ್ರೆಯನ್ನು ಶಾಂತಪ್ಪ ಮೇಷ್ಟ್ರು ಬರೆದಿದ್ದಾರೆ. ನಮ್ಮ ಶಾಲೆಯಲ್ಲಿದ್ದು ನಿವೃತ್ತರಾದವರು. ಅವರ ಪ್ರಕಾರ ಅಚ್ಚುರೊಟ್ಟಿ ಮೊದಲು ಬೆಳಗಿನ ತಿಂಡಿಯಾಗಿರಲಿಲ್ಲ, ದೂರ ಹೋಗುವವರ ಬುತ್ತಿಯಾಗಿತ್ತು. ಆಗ ಊರಿಗೆಲ್ಲ ಇದ್ದದ್ದು ಎರಡೇ ಅಚ್ಚು. ಗಂಡಸರು ಗಾಡಿ ಕಟ್ಟಿಕೊಂಡು ಹೊರಟಾಗ ಮನೆಯವರು ಹೇಳುವುದನ್ನೆಲ್ಲ ಹೇಳಿ ಬೇಯಿಸಿ, ಒಣಗಿಸಿ, ಬೂದಿಯಲ್ಲಿ ಹೂತು ಡಬ್ಬಿಗೆ ತುಂಬಿ ಕೊಡುತ್ತಿದ್ದರು. ಬೂದಿಯಲ್ಲಿಟ್ಟ ರೊಟ್ಟಿ ಎಷ್ಟು ವರ್ಷವಾದರೂ ಕೆಡುವುದಿಲ್ಲ. ಆಮೇಲೆ ನನ್ನ ಅಜ್ಜನ ಕಾಲದಲ್ಲಿ ಕಬ್ಬಿಣ ಅಗ್ಗವಾಯಿತು. ನಮ್ಮದು ಕಮ್ಮಾರರ ಮನೆ. ಅಜ್ಜ ಮನೆಗೊಂದು ಅಚ್ಚು ಮಾಡಿಕೊಟ್ಟ. ಬುತ್ತಿ ತಿಂಡಿಯಾಯಿತು. ಅಲ್ಲಿಗೆ ಊರಿನ ಬೆಳಗು ಹಾಳಾಯಿತು ಎಂದು ಮೇಷ್ಟ್ರು ಬರೆದಿಲ್ಲ, ನಾನು ಹೇಳುತ್ತಿದ್ದೇನೆ. ಎದುರು ನಿಂತು ಆಡಲಾಗದ್ದನ್ನೆಲ್ಲ ಹೆಂಗಸರು ಅಚ್ಚಿಗೆ ಆಡತೊಡಗಿದರು. ಸೊಸೆಯ ಸಿಟ್ಟು ಅತ್ತೆಯ ಬಾಯಲ್ಲಿ ಒಡೆಯುತ್ತಿತ್ತು, ಅತ್ತೆಯದು ಸೊಸೆಯ ಬಾಯಲ್ಲಿ. ತಿನ್ನದೆ ಎದ್ದರೆ ಹೇಳಿದ್ದನ್ನು ಕೇಳಲಿಲ್ಲ ಎಂದು ಇನ್ನೊಂದು ಜಗಳ. ಒಂಟಿಯಾಗಿರುವವರೂ ಬೇಯಿಸುವಾಗ ಏನಾದರೂ ಗೊಣಗಿಕೊಂಡು, ಆಮೇಲೆ ತಮ್ಮ ಗೊಣಗನ್ನೇ ತಾವು ಅಗಿಯುತ್ತಿದ್ದರು.

ನಮ್ಮ ಪಕ್ಕದ ಮನೆಯ ನೇಕಾರ ತಿಪ್ಪಯ್ಯ ಒಂದು ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನಮ್ಮ ಜಗಲಿಗೆ ಬಂದು ಕೂತನಂತೆ. ಆಗ ನನಗೆ ಎರಡು ವರ್ಷ. ಅಪ್ಪ ಸತ್ತು ಆರು ತಿಂಗಳಾಗಿತ್ತು. ಅಪ್ಪನ ಹೆಸರು ಬೋರಲಿಂಗ. ಕುಲುಮೆಗೆ ಕಬ್ಬಿಣ ತರಲು ಹೋದಾಗ ಗಾಡಿ ಮಗುಚಿ ಅದರಡಿಗೆ ಸಿಕ್ಕಿ ಸತ್ತ. ಅವ್ವ ಒಲೆಯ ಮುಂದೆ ಕೂತು ತನಗಾಗಿ ರೊಟ್ಟಿ ಸುಡುತ್ತಿದ್ದಳು. ತಿಪ್ಪಯ್ಯ ಕೈ ಚಾಚಿದ. ಅವ್ವ ಕೊಟ್ಟಳು. ತಿಂದು ಮುಗಿಸಿ ಆ ಮನುಷ್ಯ ಅತ್ತುಬಿಟ್ಟನಂತೆ. ಇದನ್ನು ಅವನೇ ನನಗೆ ಎಷ್ಟೋ ಸಲ ಹೇಳಿದ್ದಾನೆ.

“ಕಿವಿಗೆ ಹತ್ತಿ ತುರುಕ್ಕೊಂಡು ತಿಂದು ನೋಡಿದ್ದೆ ಕಣಮ್ಮಿ ಮನೇಲಿ. ಆಗ್ಲೂ ಬಿಡ್ಲಿಲ್ಲ, ನನ್ನ ಹೆಂಡ್ತಿ ಮಾತು ದವಡೆ ಒಳಗಿಂದ್ಲೇ ತಲೆಗೆ ಹತ್ತಿಬಿಡ್ತು. ನಿಮ್ಮವ್ವನ ರೊಟ್ಟೀಲಿ ಅಕ್ಕಿ ಇತ್ತು, ಬಾಳೆಹಣ್ಣಿತ್ತು. ಇನ್ನೇನೂ ಇರ್ಲಿಲ್ಲ. ನನ್ನ ಹಲ್ಲಿನ ಸದ್ದು ನಂಗೇ ಕೇಳ್ತು.”

ಮರುದಿನ ಅವನು ಇನ್ನಿಬ್ಬರನ್ನು ಕರೆದುಕೊಂಡು ಬಂದ. ತಿಂಗಳೊಳಗೆ ಜಗಲಿ ತುಂಬಿತು. ಒಬ್ಬರ ಮನೆಯ ಅಚ್ಚುರೊಟ್ಟಿಯನ್ನು ಇನ್ನೊಬ್ಬರು ತಿನ್ನುವ ಪದ್ಧತಿಯೇ ನಮ್ಮಲ್ಲಿ ಇರಲಿಲ್ಲ. ಯಾರದೋ ಮನೆಯ ಮಾತು ಯಾರಿಗೆ ಬೇಕು. ಹಾಗಾಗಿ ಅಂಗಡಿಯಲ್ಲಿ ಮಾರಿದ ಮೊದಲ ಅಚ್ಚುರೊಟ್ಟಿ ಅವ್ವನದು. ಮೇಷ್ಟ್ರ ಪುಸ್ತಕದಲ್ಲಿ ಅವಳಿಗೆ ಸಿಕ್ಕಿರುವುದು ಒಂದೇ ಸಾಲು, ಅದು ಈ ಕಾರಣಕ್ಕೆ.

ಅಂಗಡಿಗೆ ನಿಯಮವಿತ್ತು. ಜಗಲಿಯ ಅಂಚಿನಲ್ಲಿ ಸುಣ್ಣದ ಗೆರೆ. ಗೆರೆ ದಾಟಿ ಯಾರೂ ಬರಕೂಡದು, ಗೆರೆಯ ಹೊರಗೂ ಯಾರೂ ಮಾತಾಡಕೂಡದು. ಎಷ್ಟು ಬೇಕೋ ಅಷ್ಟು ಬೆರಳು ಎತ್ತಬೇಕು. ಕೆಮ್ಮು ಬಂದರೆ ಬೀದಿಗಿಳಿದು ಕೆಮ್ಮಬೇಕು. ಊರಿನ ಬಾಯಾಳಿಗಳೆಲ್ಲ ಬೆಳಿಗ್ಗೆ ನಮ್ಮ ಮನೆಯ ಮುಂದೆ ಬೆರಳೆತ್ತಿಕೊಂಡು ಬಾಯಿ ಮುಚ್ಚಿ ನಿಂತಿರುತ್ತಿದ್ದರು. ಮಾತು ಬಿದ್ದ ರೊಟ್ಟಿಯನ್ನು ಮಾರುವ ಹಾಗಿಲ್ಲ. ಅದನ್ನೂ ಅದರ ನಂತರದ ಮೂರನ್ನೂ ಪಕ್ಕದ ಬುಟ್ಟಿಗೆ ಹಾಕಬೇಕು. ಬುಟ್ಟಿಯದು ದನಕ್ಕೆ. ಮುರಿದದ್ದು, ಸೀದದ್ದು, ಬುಟ್ಟಿಯಲ್ಲಿ ಬಿದ್ದದ್ದು, ಯಾವುದಾದರೂ ಸರಿ, ಕೊನೆಯಲ್ಲಿ ಅವ್ವ ಅದರಿಂದಲೇ ಒಂದನ್ನು ಎತ್ತಿಕೊಂಡು ತಿನ್ನುತ್ತಿದ್ದಳು. ಅವಳ ತಿಂಡಿ ಅದೇ. ಕಿವುಡಿಗೆ ಯಾವ ರೊಟ್ಟಿಯಾದರೇನು ಎಂದು ನಾವೆಲ್ಲ ತಿಳಿದಿದ್ದೆವು.

ಆರನೇ ವಯಸ್ಸಿಗೆ ನಾನು ಅವಳ ಪಕ್ಕ ಕೂತೆ. ಅವಳು ಹಿಟ್ಟು ಹೊಯ್ಯುವುದು, ನಾನು ಅಚ್ಚು ಹಿಡಿದು ಮಗುಚುವುದು. ಮೊದಲ ದಿನ ಅವಳು ನನ್ನ ಕೈ ಹಿಡಿದು, ನನ್ನದೇ ತೋರುಬೆರಳನ್ನು ನನ್ನ ತುಟಿಯ ಮೇಲೆ ಇಟ್ಟಳು. ಅಷ್ಟೇ ಪಾಠ. ಬೆಳಕು ಹರಿಯುವ ಮೊದಲಿನಿಂದ ಶಾಲೆಯ ಗಂಟೆಯವರೆಗೆ ನಾನು ಬಾಯಿ ತೆರೆಯುತ್ತಿರಲಿಲ್ಲ. ಬಿಸಿ ಎಣ್ಣೆ ಸಿಡಿದರೂ ಹಲ್ಲು ಕಚ್ಚಿಕೊಳ್ಳುತ್ತಿದ್ದೆ. ಅಮಾವಾಸ್ಯೆಗೆ ಮಾತ್ರ ಒಲೆ ಹಚ್ಚುತ್ತಿರಲಿಲ್ಲ. ಅಭ್ಯಾಸ ಹೇಗೆ ಹತ್ತಿತೆಂದರೆ ಶಾಲೆಯಲ್ಲಿ ಹಾಜರಿ ಕೂಗಿದಾಗಲೂ ನನ್ನ ದನಿ ತಕ್ಷಣ ಬರುತ್ತಿರಲಿಲ್ಲ. ಬೆರಳು ಎತ್ತುತ್ತಿದ್ದೆ. ಹುಡುಗಿಯರು, “ಇಂದ್ರಾಣೀ, ನಮಗೆ ಎರಡು ಕೊಡೇ” ಎಂದು ಎರಡು ಬೆರಳು ತೋರಿಸಿ ನಗುತ್ತಿದ್ದರು.

ಅವ್ವನ ಮೇಲೆ ನನಗೆ ಪ್ರೀತಿ ಇತ್ತೋ ಇಲ್ಲವೋ ಎಂದು ಆಗ ಯೋಚಿಸಿದವಳಲ್ಲ. ಸಿಟ್ಟು ಇತ್ತು. ನನ್ನ ಬಾಯಿಯನ್ನು ಅವಳು ತನ್ನ ಅಂಗಡಿಗೆ ಬಳಸಿಕೊಂಡಿದ್ದಾಳೆ ಅನ್ನಿಸುತ್ತಿತ್ತು.

ನನಗೆ ಹದಿನೇಳು ವರ್ಷವಾಗಿತ್ತು. ಪರೀಕ್ಷೆಯ ಮೊದಲ ದಿನ. ಒಂಬತ್ತೂವರೆಗೆ ಶುರು, ಶಾಲೆ ಊರಾಚೆ. ಹಿಂದಿನ ರಾತ್ರಿಯೇ ಅವ್ವನಿಗೆ ಸನ್ನೆಯಲ್ಲಿ ಹೇಳಿದ್ದೆ. ಅವಳು ತಲೆಯಾಡಿಸಿದ್ದಳು. ಆ ದಿನವೇ ಯಾವುದೋ ಮದುವೆಯ ದಿಬ್ಬಣದ ಬಸ್ಸು ಬಂದು ನಮ್ಮ ಬೀದಿಯಲ್ಲಿ ನಿಂತಿತು. ಜಗಲಿಯ ತುಂಬ ರೇಷ್ಮೆ ಸೀರೆ, ಎತ್ತಿದ ಬೆರಳುಗಳು. ನಾನು ಎದ್ದೆ. ಅವ್ವ ನನ್ನ ಸೆರಗು ಹಿಡಿದು ಹತ್ತು ಬೆರಳು ತೋರಿಸಿದಳು. ಇನ್ನು ಹತ್ತು. ಹತ್ತು ಮುಗಿಸಿ ಮತ್ತೆ ಎದ್ದೆ. ಮತ್ತೆ ಹತ್ತು ತೋರಿಸಿದಳು. ಗೋಡೆಯ ಗಡಿಯಾರದಲ್ಲಿ ಒಂಬತ್ತು ದಾಟಿತ್ತು.

ನಾನು ಅಚ್ಚು ಮುಚ್ಚಿ ಕೆಂಡದ ಮೇಲಿಟ್ಟು, ಅದನ್ನೇ ನೋಡುತ್ತ ಹೇಳಿದೆ. “ನೀನು ಸತ್ತ ಮೇಲೇ ನನಗೆ ಬಾಯಿ ಬರೋದು.”

ಗೆರೆಯ ಆಚೆ ನಿಂತವರಿಗೆ ನನ್ನ ತುಟಿ ಅಲ್ಲಾಡಿದ್ದು ಕಂಡಿತು, ಮಾತು ಕೇಳಿಸಲಿಲ್ಲ. ಅವ್ವ ಹಿಟ್ಟಿನ ಪಾತ್ರೆಗೆ ಬಗ್ಗಿದ್ದಳು. ರೊಟ್ಟಿ ಬೆಂದಿತು. ಎತ್ತಿ ಬುಟ್ಟಿಗೆ ಹಾಕಿದೆ. ನಂತರದ ಮೂರನ್ನೂ ಹಾಕಿದೆ. ಒಬ್ಬಳು ಮುದುಕಿ ತನ್ನ ಸರದಿಯ ರೊಟ್ಟಿ ಬುಟ್ಟಿಗೆ ಹೋದದ್ದಕ್ಕೆ ಕಣ್ಣಲ್ಲೇ ಬೈದಳು. ಉಳಿದ ಹತ್ತನ್ನು ಸುಟ್ಟುಕೊಟ್ಟೆ. ಬಸ್ಸು ಹೋಯಿತು.

ನಾನು ಪುಸ್ತಕ ಜೋಡಿಸಿಕೊಳ್ಳುವಾಗ ಅವ್ವ ಬುಟ್ಟಿಯಿಂದ ಒಂದು ರೊಟ್ಟಿ ಎತ್ತಿಕೊಂಡು ತಿನ್ನತೊಡಗಿದಳು. ತಳದಲ್ಲಿದ್ದದ್ದು, ಅದೇ. ನಾನು ನೋಡಿದೆ. ನೋಡಿ ಸುಮ್ಮನಿದ್ದೆ. ಅವಳು ಮೊದಲ ತುತ್ತಿಗೆ ಅಗಿಯುವುದನ್ನು ನಿಲ್ಲಿಸಿದಳು. ನನ್ನ ಮುಖ ನೋಡಿದಳು. ಆಮೇಲೆ ಒಂದೊಂದೇ ಚೌಕ ಮುರಿದು, ನಿಧಾನವಾಗಿ, ಪುಡಿಯನ್ನೂ ಬಿಡದೆ ತಿಂದಳು. ಕಣ್ಣಲ್ಲಿ ನೀರಿತ್ತು. ಹೊಗೆ ಎಂದುಕೊಂಡೆ. ತಿಂದು ಮುಗಿಸಿ ನನ್ನ ಕಡೆ ಒಂದು ಬೆರಳು ಎತ್ತಿದಳು. ಇನ್ನೊಂದು ಬೇಕು.

ಅಂಗಡಿಯಲ್ಲಿ ಹನ್ನೊಂದು ವರ್ಷದಲ್ಲಿ ಅವಳು ನನ್ನೆದುರು ಬೆರಳೆತ್ತಿ ರೊಟ್ಟಿ ಕೇಳಿದ್ದು ಅದೊಂದೇ ಸಲ. ನನಗೆ ಹೊತ್ತಾಗಿತ್ತು. ಆದರೂ ಉಳಿದ ಹಿಟ್ಟು ಹೊಯ್ದು, ಬಾಯಿ ಬಿಗಿದುಕೊಂಡು, ಒಂದು ಸುಟ್ಟು ಅವಳ ಕೈಗೆ ಹಾಕಿದೆ. ಅವಳು ಕಣ್ಣು ಮುಚ್ಚಿಕೊಂಡು ಅದನ್ನು ಕೊನೆಯ ಚೂರಿನವರೆಗೆ ತಿಂದಳು. ಕೊನೆಯ ಚೂರಾದ ಮೇಲೂ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಯೇ ಕೂತಿದ್ದಳು. ನಾನು ಚಪ್ಪಲಿ ಮೆಟ್ಟಿ ಓಡಿದೆ.

ಪರೀಕ್ಷೆಗೆ ಹದಿನೈದು ನಿಮಿಷ ತಡವಾಗಿತ್ತು. ಒಳಗೆ ಬಿಟ್ಟರು. ಪಾಸಾದೆ.

ಮರುದಿನ ಬೆಳಿಗ್ಗೆ ಅವ್ವ ನನ್ನನ್ನು ಎಬ್ಬಿಸಲಿಲ್ಲ. ಎದ್ದು ಹೋದರೆ ಒಲೆಯ ಮುಂದೆ ನನ್ನ ಮಣೆ ಇರಲಿಲ್ಲ. ಒಂದು ಕೈಯಲ್ಲಿ ಹಿಟ್ಟು ಹೊಯ್ದು ಇನ್ನೊಂದರಲ್ಲಿ ಅಚ್ಚು ಮಗುಚುತ್ತಿದ್ದಳು. ನಾನು ಕೂರಲು ಹೋದರೆ ಮೊಣಕೈಯಿಂದ ತಳ್ಳಿದಳು. ಫಲಿತಾಂಶ ಬಂದ ದಿನ ನನ್ನ ತುಟಿ ಮುಟ್ಟಿ, ತನ್ನ ಮುಷ್ಟಿ ಬಿಚ್ಚಿ, ರಸ್ತೆ ತೋರಿಸಿದಳು. ಹಾಸ್ಟೆಲಿನಲ್ಲಿ ಊಟ ಚೆನ್ನಾಗಿರುತ್ತದೆ, ಹೋಗು ಅನ್ನುತ್ತಿದ್ದಾಳೆ ಎಂದು ತಿಳಿದೆ. ಹೋದೆ. ಹಾಸ್ಟೆಲಿನಲ್ಲಿ ಬೆಳಿಗ್ಗೆ ಉಪ್ಪಿಟ್ಟು ಕೊಡುತ್ತಿದ್ದರು. ಉಪ್ಪಿಟ್ಟಿಗೆ ಯಾವ ಮಾತೂ ಅಂಟುವುದಿಲ್ಲ. ಅಲ್ಲಿ ಚೆನ್ನಾಗಿ ಮಾತು ಕಲಿತೆ. ಚರ್ಚಾಸ್ಪರ್ಧೆಯಲ್ಲಿ ಒಂದು ಬಹುಮಾನವೂ ಬಂತು. ರಜೆಗೆ ಊರಿಗೆ ಬಂದಾಗ ಎಲ್ಲರ ಮನೆಯಲ್ಲೂ ಮಾತಾಡುತ್ತಿದ್ದೆ, ನಮ್ಮ ಮನೆಯೊಂದನ್ನು ಬಿಟ್ಟು.

ಎರಡು ವರ್ಷದ ಮೇಲೆ ಅವ್ವ ಎದೆನೋವು ಬಂದು ಒಲೆಯ ಮುಂದೆಯೇ ಸತ್ತಳು. ತಿಪ್ಪಯ್ಯ ಬಸ್ಸು ಹಿಡಿದು ಬಂದು ಕರೆದುಕೊಂಡು ಹೋದ. ಬೆರಳೆತ್ತಿ ನಿಂತವರಿಗೆ ಮೊದಲು ಗೊತ್ತೇ ಆಗಲಿಲ್ಲವಂತೆ.

“ಕೂತೇ ಇದ್ಲು ಕಣಮ್ಮಿ. ನಾನು ಎರಡು ಬೆರಳು ಎತ್ಕೊಂಡು ನಿಂತೇ ಇವ್ನಿ. ರೊಟ್ಟಿ ಸೀದ ವಾಸನೆ ಬಂದ್ಮೇಲೇ ಗೊತ್ತಾದದ್ದು. ಗೆರೆ ದಾಟೋದೋ ಬ್ಯಾಡ್ವೋ ಅಂತ ಅಷ್ಟೊತ್ತೂ ಒಬ್ಬರ ಮುಖ ಒಬ್ಬರು ನೋಡ್ಕೊಂಡು ನಿಂತಿದ್ವಿ.”

ಹನ್ನೊಂದನೆಯ ದಿನದ ಕೆಲಸ ಮುಗಿದ ಮೇಲೆ ಶಾಂತಪ್ಪ ಮೇಷ್ಟ್ರು ಬಂದರು. ಕೈಯಲ್ಲಿ ಕಾಗದದ ಕಟ್ಟಿತ್ತು. ಪುಸ್ತಕ ಅಚ್ಚಿಗೆ ಹೋಗುವುದಿತ್ತು. ಅವ್ವನ ಬಗ್ಗೆ ಬರೆದ ಸಾಲನ್ನು ನನಗೆ ಓದಿ ಹೇಳಿದರು. “ಚನ್ನಾಜಮ್ಮ ಎಂಬ ಕಿವುಡಿ ಮೂಕಿಯು ಮಾತಿನ ಗಂಧವನ್ನೇ ಅರಿಯದವಳಾದ್ದರಿಂದ ಅವಳ ಅಚ್ಚು ಎಂದೂ ಮೈಲಿಗೆಯಾಗಲಿಲ್ಲ.”

“ಸರಿಯಾಗಿದೆಯಾ ನೋಡಮ್ಮ” ಎಂದರು.

“ಇದೆ” ಎಂದೆ.

“ಆ ಅಚ್ಚು ನಿಮ್ಮಪ್ಪನೇ ಮಾಡಿದ್ದಲ್ಲವೇ? ಒಂದು ಸಲ ಕೊಡು, ಚೌಕ ಎಷ್ಟಿವೆ ಅಂತ ಬರೆದುಕೊಳ್ಳುತ್ತೇನೆ.”

ಅಚ್ಚು ಮುಂದೆಯೇ ಇತ್ತು. ಐದು ಸಾಲು, ಸಾಲಿಗೆ ಐದು, ಇಪ್ಪತ್ತೈದು ಚೌಕ. ಅಪ್ಪನ ಕುಲುಮೆಯ ಗುರುತಿನ ಮುದ್ರೆಯೂ ಬೇಕೆಂದರು. ಅದನ್ನು ಹುಡುಕಲು ಅವ್ವನ ಟ್ರಂಕು ತೆಗೆದೆ. ಸೀರೆಗಳ ಕೆಳಗೆ ಹಳೆಯ ಬಿಸ್ಕತ್ತಿನ ಡಬ್ಬಿ ಇತ್ತು. ಒಳಗೆ ಬೂದಿ. ಬೂದಿಯೊಳಗೆ ಒಣಗಿದ ಅಚ್ಚುರೊಟ್ಟಿಯ ಏಳು ಚೌಕ, ಒಂದು ಪೂರ್ತಿ ಸಾಲು, ಅದರ ಮೇಲಿನ ಸಾಲಿನಿಂದ ಎರಡು. ಡಬ್ಬಿಯ ಮುಚ್ಚಳದ ಒಳಗೆ ಮೊಳೆಯಿಂದ ಗೀರಿದ ಗೆರೆಗಳಿದ್ದವು. ಹದಿನೆಂಟು. ಅಪ್ಪ ಸತ್ತು ಹದಿನೆಂಟು ವರ್ಷವಾಗಿತ್ತು.

ಆ ರೊಟ್ಟಿ ಅಪ್ಪ ಸತ್ತ ದಿನದ್ದು ಎಂದು ಜೊತೆಗಿದ್ದ ತಿಪ್ಪಯ್ಯನೇ ಹೇಳಿದ. “ನಿಮ್ಮಪ್ಪ ದಿನಾ ಬೆಳಿಗ್ಗೆ ಅಚ್ಚಿನ ಮುಂದೆ ಬಗ್ಗಿ ಅದೇನೋ ಹೇಳ್ತಿದ್ದ. ಹೇಳಿ ಹೇಳಿ ಅದನ್ನ ಇವಳಿಗೇ ತಿನ್ನಿಸ್ತಿದ್ದ. ಕಿವುಡಿಗೆ ರೊಟ್ಟೀಲಿ ಕತೆ ಹೇಳ್ತಾನಲ್ಲಪ್ಪ ಅಂತ ನಾವೆಲ್ಲ ನಗ್ತಿದ್ವಿ. ಅವತ್ತು ಬೇಯಿಸಿಟ್ಟು ಗಾಡಿ ಹೊಡ್ಕೊಂಡು ಹೋದ. ಇವಳು ತಟ್ಟೆ ಮುಂದೆ ಕೂತಿದ್ಲು, ಅಷ್ಟ್ರಲ್ಲಿ ಹೆಣ ತಂದ್ರು.”

ನಾನು ಮೇಲಿನ ಸಾಲಿನ ಎರಡರಲ್ಲಿ ಮೊದಲನೆಯದನ್ನು ಬಾಯಿಗೆ ಹಾಕಿಕೊಂಡೆ. ಯಾಕೆ ಎಂದು ಕೇಳಿದರೆ ಗೊತ್ತಿಲ್ಲ. ಅಪ್ಪನ ದನಿ ನಾನು ಕೇಳಿರಲಿಲ್ಲ. ಬೂದಿಯ ರುಚಿ. ಆಮೇಲೆ ದವಡೆಯೊಳಗಿನಿಂದ ಒಬ್ಬ ಗಂಡಸು ಮಾತಾಡಿದ. “ನಿನ್ನೆ ನಾನು ಹೇಳಿದ್ದೆಲ್ಲ ಕೇಳಿಸ್ತು ಅಂತ.”

ಎರಡನೆಯದು. “ತಲೆ ಆಡಿಸಿದ್ಯಲ್ಲ, ನಂಗೆ ಅಷ್ಟು ಸಾಕು ಚನ್ನಿ.”

ಮೂರನೆಯದು. “ಊರೋರು ನಗ್ಲಿ ಬಿಡು.”

ನಾಲ್ಕನೆಯದು. “ನಿನ್ನ ಮಗಳು ಇವತ್ತು ಒಂದು ಕಲ್ತವ್ಳೆ.”

ಐದನೆಯದು. “ತಾಳು, ಎತ್ಕೊತೀನಿ. ಹೇಳು ಮಗಾ. ಹೇಳು.”

ಆರನೆಯದರಲ್ಲಿ ಮಾತಿರಲಿಲ್ಲ. ಕೆಂಡ ಚಟಪಟ ಅನ್ನುವ ಸದ್ದು.

ಏಳನೆಯದನ್ನು ತಿನ್ನದೆ ನಾನು ಅಲ್ಲೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಒಂದು ಮಗು, “ಅವ್ವಾ” ಎಂದಿತು.

ಡಬ್ಬಿಯಲ್ಲಿ ಬೂದಿ ಮಾತ್ರ ಉಳಿಯಿತು.

ಮೇಷ್ಟ್ರು ಮುದ್ರೆ ಸಿಕ್ಕಿತೇ ಎಂದು ಹೊರಗಿನಿಂದ ಕೇಳಿದರು. ನಾನು ಹೋಗಿ, “ಆ ಸಾಲು ತೆಗೀರಿ ಮೇಷ್ಟ್ರೇ” ಎಂದೆ.

“ಯಾಕಮ್ಮ?”

“ಅವ್ವಂಗೆ ಕೇಳಿಸ್ತಿತ್ತು. ರೊಟ್ಟೀಲಿ ಕೇಳಿಸ್ತಿತ್ತು. ಅಪ್ಪ ಇದೇ ಅಚ್ಚಿನಲ್ಲಿ ದಿನಾ ಮಾತಾಡಿದಾನೆ.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ತಾಯಿ ಹೋದ ಸಂಕಟದಲ್ಲಿ ಏನೇನೋ ಅನ್ನಿಸ್ತದೆ. ಕಿವಿ ಇಲ್ಲದವಳಿಗೆ ಕೇಳಿಸೋದು ಹೇಗಮ್ಮ? ನಾನೂ ಹದಿನೈದು ವರ್ಷ ತಿಂದಿದ್ದೇನೆ ಅವಳ ಕೈಯದ್ದು.”

ತಿಪ್ಪಯ್ಯ ಅಲ್ಲೇ ಇದ್ದ. ಕಿವಿಗೆ ಹತ್ತಿ ತುರುಕಿಕೊಂಡು ತಿಂದವನು ಅವನು. ದವಡೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದ. ಆ ಹತ್ತಿಯ ಕತೆ ಊರಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು. ಕಿವಿ ಮುಚ್ಚಿದರೂ ಕೇಳಿಸುತ್ತದೆ ಎಂದು ಇಡೀ ಊರು ದಿನಾ ಗೊಣಗುತ್ತಿತ್ತು. ಕಿವುಡಿಯ ಮಾತು ಬಂದಾಗ ಒಬ್ಬರಿಗೂ ಅದು ನೆನಪಾಗಲಿಲ್ಲ. ಪುಸ್ತಕ ಬಂತು. ಸಾಲು ಹಾಗೆಯೇ ಇದೆ.

ಅವಳು ನನಗೆ ಯಾಕೆ ಹೇಳಲಿಲ್ಲ ಎಂದು ಯೋಚಿಸಿದ್ದೇನೆ. ಒಂದು ಸನ್ನೆ ಸಾಕಿತ್ತು. ಮಾತು ಕೂತ ಅಚ್ಚು ಎಂದು ತಿಳಿದರೆ ಜಗಲಿಗೆ ಯಾರೂ ಬರುತ್ತಿರಲಿಲ್ಲ, ನಮಗೆ ಊಟವಿರುತ್ತಿರಲಿಲ್ಲ, ಇದೊಂದು ಕಾರಣ ಇರಬಹುದು. ಹಾಗಿದ್ದರೆ ಅಂಗಡಿ ಮುಚ್ಚಿದ ಮೇಲೆ ನನ್ನಿಂದ ಮಾತಾಡಿಸಿ ಒಂದು ಸುಡಬಹುದಿತ್ತಲ್ಲ, ಮರುದಿನ ಬೆಳಗಾಗುವುದರೊಳಗೆ ಇನ್ನು ಮೂರು ಸುಟ್ಟು ದನಕ್ಕೆ ಹಾಕಿದರೆ ಮುಗಿಯಿತು. ನಾನಾಗಿಯೇ ಒಂದು ದಿನ ಏನಾದರೂ ಹೇಳುತ್ತೇನೆ ಎಂದು ಕಾದಳೋ ಏನೋ. ಅಪ್ಪನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವನು ಸುಮ್ಮನೆ ಹೇಳಿ ನೋಡಿದ್ದ. ನಾನು ನೋಡಲಿಲ್ಲ.

ವರ್ಷಕ್ಕೊಂದರಂತೆ ತಿನ್ನುತ್ತ ಹೋಗಿದ್ದರೆ ಇನ್ನು ಏಳು ವರ್ಷಕ್ಕೆ ಅವಳು ಕೊನೆಯ ಚೌಕಕ್ಕೆ ಬರುತ್ತಿದ್ದಳು. ಅದರಲ್ಲಿ ಏನಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅದನ್ನು ನಾನು ತಿಂದೆ.

ಅವಳ ಪಕ್ಕದಲ್ಲಿ ನಾನು ಅಚ್ಚು ಹಿಡಿದು ಕೂತದ್ದು ಹನ್ನೊಂದು ವರ್ಷ. ಅಮಾವಾಸ್ಯೆಗಳನ್ನು ಕಳೆದರೆ ಮೂರು ಸಾವಿರದ ಎಂಟುನೂರ ಎಂಬತ್ತೆರಡು ಬೆಳಗು. ಅಷ್ಟರಲ್ಲಿ ಅವಳು ನನ್ನ ದನಿ ಕೇಳಿದ್ದು ಒಂದು ಬೆಳಗು, ಆರು ಪದ. ಉಳಿದದ್ದು ಮೂರು ಸಾವಿರದ ಎಂಟುನೂರ ಎಂಬತ್ತೊಂದು.